ಎಲ್ಲ ಪೈಗಳೂ ಒಂದೇ ಮನೆಯವರಲ್ಲ ಮಾರಾಯ್ರೆ

ಕೆನರಾ ಬ್ಯಾಂಕ್ ಕಟ್ಟಿದ್ದು ಮಣಿಪಾಲದ ಪೈಗಳು ಎಂಬ ಮೆಸೇಜು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅಲ್ಲ. ಕಟ್ಟಿದವರು ಮಂಗಳೂರಿನ ವಕೀಲರು ಅಮ್ಮೆಂಬಳ ಸುಬ್ಬರಾವ್ ಪೈ. 1891ರಲ್ಲಿ ಕೆನರಾ ಹೈಸ್ಕೂಲು, 1906ರಲ್ಲಿ ಬ್ಯಾಂಕು. ಆಗ ಮಣಿಪಾಲದ ಡಾ. ಟಿ.ಎಂ.ಎ. ಪೈಗಳಿಗೆ ಎಂಟು ವರ್ಷ! ಇವರು ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಶುರುಮಾಡಿದ್ದು ಮುಂದೆ ಸಿಂಡಿಕೇಟ್ ಆದ ಬ್ಯಾಂಕನ್ನು. 1925ರಲ್ಲಿ, 8000 ರೂಪಾಯಿ ಬಂಡವಾಳದಲ್ಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬರುತ್ತಾನೆ ಎಂಬ ಪಿಗ್ಮಿ ಉಳಿತಾಯ ಯೋಜನೆ ಬಂದದ್ದು 1928ರಲ್ಲಿ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾಕ್ಕೆ ಸೇರಿದ ಮೇಲಂತೂ ಈ ಗೊಂದಲ ಬಿಡಿಸುವುದೇ ಕಷ್ಟವಾಗಿದೆ.

ಬಿಡಿಸಬೇಕಾದರೆ ಇನಿಶಿಯಲ್ ಬಿಡಿಸಿ. ಟಿ.ಎಂ.ಎ. ಅಂದರೆ ತೋನ್ಸೆ ಮಾಧವ ಅನಂತ: ಊರು, ಸ್ವಂತ ಹೆಸರು, ತಂದೆ. ಕೇಂದ್ರ ಮಂತ್ರಿಯಾಗಿದ್ದ ಟಿ.ಎ. ಪೈಗಳಲ್ಲಿ ಅದೇ 'ಎ' ತಂದೆಯದ್ದಲ್ಲ, ಸ್ವಂತ ಹೆಸರು. ಅವರು ಉಪೇಂದ್ರ ಪೈಗಳ ಮಗ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಇಲ್ಲಿಯ ರೂಢಿ. ಇದು ಗೊತ್ತಿಲ್ಲದವರು ಟಿ.ಎ. ಅವರನ್ನು ಟಿ.ಎಂ.ಎ. ಅವರ ತಮ್ಮನನ್ನಾಗಿ ಮಾಡುತ್ತಾರೆ, ಕೆಲವರು ತಂದೆಯನ್ನಾಗಿಯೂ. ಸಂಬಂಧದಲ್ಲಿ ಅಣ್ಣನ ಮಗ, ಅಷ್ಟೇ. 1967ರಲ್ಲಿ ಅಮರ ಚಿತ್ರ ಕಥಾ ಶುರುಮಾಡಿದ ಅನಂತ ಪೈ ಮತ್ತೆ ಬೇರೆಯೇ, ಅವರು ಕಾರ್ಕಳದಲ್ಲಿ ಹುಟ್ಟಿದವರು.

ಮುಂದಿರುವ ಊರನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿಯಾದ ಗೋವಿಂದ ಪೈಗಳ ತಂದೆ ಮಂಗಳೂರಿನ ಸಾಹುಕಾರ್ ತಿಮ್ಮಪ್ಪ ಪೈ. ಹೆಸರಿಗೆ ಅಂಟಿಕೊಂಡ ಮಂಜೇಶ್ವರ ತಾಯಿಯ ಕಡೆಯ ಊರು.

ಹಾಗಾದರೆ ಕುಟುಂಬ ಒಂದೇ ಹೌದೋ ಅಲ್ಲವೋ ನೋಡುವುದು ಹೇಗೆ? ಪೈಗಳು ಗೋವೆ ಮೂಲದ ಗೌಡ ಸಾರಸ್ವತರು. ಮೊದಲು ಗೋತ್ರ ಕೇಳಿ, ಆಮೇಲೆ ಗೋವೆಯ ಯಾವ ದೇವಸ್ಥಾನದ ಕುಳಾವಿ, ಅಂದರೆ ಅಲ್ಲಿಯ ದೇವರನ್ನು ಕುಲದೇವರಾಗಿ ನಡೆದುಕೊಳ್ಳುವ ಮನೆತನದವರು, ಎಂದು. ಮಾರ್ದೋಳದ ಮಹಾಲಸೆಯೋ, ರಾಮನಾಥಿಯೋ, ನಾಗೇಶಿಯೋ? ಒಂದು ಬೇರೆಯಾದರೂ ಮನೆತನ ಬೇರೆ. ಗೋತ್ರ ಬೇರೆಯಿದ್ದರೆ ಪೈಗಳ ಮನೆಗೆ ಪೈಗಳ ಮನೆಯಿಂದಲೇ ಹೆಣ್ಣು ತರುವುದುಂಟು, ಜಾತಕ ಹಿಡಿದು ಬರುವ ದಲ್ಲಾಳಿಗೂ ಇದು ಗೊತ್ತು. ಎರಡೂ ಒಂದೇ ಆದರೆ? ಸಂಬಂಧ ಇರಬಹುದು ಎನ್ನಬಹುದೇ ಹೊರತು ಸಾಬೀತಾಯಿತು ಅಂತಲ್ಲ. ತಲೆಮಾರುಗಳ ಹೆಸರು ತಾಳೆಯಾಗಬೇಕು, ಅಲ್ಲಿ ಅಜ್ಜ-ಮೊಮ್ಮಗನ ಒಂದೇ ಹೆಸರು ಮತ್ತೆ ಕಾಲೆಳೆಯುತ್ತದೆ. ಹೆಸರಿನ ಪಕ್ಕ ಹುಟ್ಟಿದ ಇಸವಿ ಬರೆದಿಡಿ.

ಹಳೇ ಫೋಟೋ ಹಾಕುವವರು 'ಶ್ರೀ ಪೈ' ಎಂದು ಕೈತೊಳೆದುಕೊಳ್ಳದೆ ಊರು, ತಂದೆಯ ಹೆಸರು ಬಿಡಿಸಿ ಬರೆದರೆ ಇಷ್ಟೆಲ್ಲ ಹೇಳುವ ಕೆಲಸವೇ ಇರಲಿಲ್ಲ.