ಫ್ಯಾಮಿಲಿ ಕೌನ್ಸೆಲಿಂಗ್ ಅಂದರೆ ಪಂಚಾಯ್ತಿ ಅಲ್ಲ

ಮನೆಯಲ್ಲಿ ಜಗಳ ಕೈಮೀರಿದಾಗ ನಮ್ಮಲ್ಲಿ ಯಾರಾದರೂ ಒಬ್ಬರನ್ನು ಕೌನ್ಸೆಲರ್ ಹತ್ತಿರ ಕರೆತರುತ್ತಾರೆ. ಮಾತು ಕೇಳದ ಮಗ, ಕುಡಿಯುವ ಗಂಡ, ಜಾಸ್ತಿ ಸಲ ಸೊಸೆ. "ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂತ ಒಳಗೆ ಕಳಿಸಿ, ಉಳಿದವರು ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ, ಗ್ಯಾರೇಜಿಗೆ ಗಾಡಿ ಬಿಟ್ಟವರ ಹಾಗೆ. ಈ ಕೆಲಸದಲ್ಲಿರುವ ನಾನು ಹೇಳುವುದಿಷ್ಟೇ: ದಯವಿಟ್ಟು ನೀವೂ ಒಳಗೆ ಬನ್ನಿ.

ಇದೇನೋ ಫಾರಿನ್ ಫ್ಯಾಷನ್ ಅಂತ ತಿಳಿಯಬೇಡಿ. 1950ರ ದಶಕದಲ್ಲಿ ಅಮೆರಿಕದಲ್ಲಿ ಮರ್ರೇ ಬೋವೆನ್ ಅನ್ನುವ ಮನೋವೈದ್ಯರು ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇದ್ದವರ ಜೊತೆ ಅವರ ಮನೆಯವರನ್ನೂ ವಾರ್ಡಿನಲ್ಲಿ ಇರಿಸಿಕೊಂಡು ನೋಡಿದರು. ಅದೇ ದಶಕದಲ್ಲಿ ನಮ್ಮ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟ್ ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. ಆ ಕಾಲಕ್ಕೆ ಹುಚ್ಚಾಸ್ಪತ್ರೆ ಅಂದರೆ ಮನೆಯವರು ಬಿಟ್ಟು ಹೋಗುವ ಜಾಗ. ಅಂಥ ಕಡೆ ಅಪ್ಪ ಅಮ್ಮ ಅಣ್ಣ ತಮ್ಮ ಬಂದು ಉಳಿದರು, ನೋಡಿಕೊಳ್ಳುವುದನ್ನು ಕಲಿತರು, ರೋಗಿಯನ್ನು ಮನೆಗೆ ಕರೆದುಕೊಂಡು ಹೋದರು. ವಿದ್ಯಾಸಾಗರ್ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇವತ್ತು ಕುಟುಂಬಗಳಿಗಾಗಿಯೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ.

ಒಳಗೆ ಏನು ನಡೆಯುತ್ತದೆ? ಒಂದು ಮಾದರಿ ಹೇಳುತ್ತೇನೆ. ಇದು ಯಾವುದೇ ಒಂದು ಮನೆಯ ಕಥೆ ಅಲ್ಲ, ಎಷ್ಟೋ ಮನೆಗಳಲ್ಲಿ ಕಾಣುವಂಥದ್ದು. ಪಿಯುಸಿ ಓದುವ ಹುಡುಗ ಕಾಲೇಜು ಬಿಟ್ಟು ರೂಮಿನ ಬಾಗಿಲು ಹಾಕಿಕೊಂಡಿದ್ದಾನೆ. ಅಮ್ಮ ಒಂದೇ ಸಮನೆ ಮಾತಾಡುತ್ತಾರೆ. ಅಪ್ಪ ಮೊಬೈಲ್ ನೋಡುತ್ತಾರೆ. ಹುಡುಗನನ್ನು ಏನು ಕೇಳಿದರೂ ಅಮ್ಮನೇ ಉತ್ತರ ಕೊಡುತ್ತಾರೆ. ಆಗ ನಾವು ಮೂಲೆಯಲ್ಲಿ ಕೂತ ತಂಗಿಯನ್ನು ಕೇಳುತ್ತೇವೆ: "ಅಣ್ಣ ಬಾಗಿಲು ಹಾಕಿಕೊಂಡಾಗ ಮೊದಲು ಯಾರು ಎದ್ದು ಹೋಗುತ್ತಾರೆ? ಆಗ ಅಪ್ಪ ಏನು ಮಾಡುತ್ತಾರೆ?" ಅವಳು ಸುಮ್ನೆ ಹೇಳಿಬಿಡುತ್ತಾಳೆ: "ಅಮ್ಮ ಅಳುತ್ತಾ ಹೋಗಿ ಬಾಗಿಲು ತಟ್ಟುತ್ತಾರೆ. ಅಪ್ಪ ನಿನ್ನಿಂದಲೇ ಇವನು ಹಾಳಾದ ಅಂತಾರೆ. ಆಮೇಲೆ ಅವರಿಬ್ಬರದೇ ಜಗಳ." ಅಪ್ಪ ಮೊಬೈಲ್ ಕೆಳಗಿಡುತ್ತಾರೆ. ಈ ರೀತಿ ಕೇಳುವುದನ್ನು ಇಟಲಿಯ ಮಿಲಾನ್ ನಗರದ ಫ್ಯಾಮಿಲಿ ಥೆರಪಿಸ್ಟ್‌ಗಳ ಒಂದು ತಂಡದವರು ಒಂದು ಪದ್ಧತಿಯಾಗಿಯೇ ಬೆಳೆಸಿದರು. ತಪ್ಪು ಯಾರದು ಅಂತ ಕೇಳಿದರೆ ಎಲ್ಲರೂ ಲಾಯರ್ ಆಗುತ್ತಾರೆ. ಯಾರಾದ ಮೇಲೆ ಯಾರು ಏನು ಮಾಡುತ್ತಾರೆ ಅಂತ ಕೇಳಿದರೆ, ಮನೆಯೊಳಗೆ ಸುತ್ತು ಹೊಡೆಯುತ್ತಿರುವ ಚಕ್ರ ಅವರಿಗೇ ಕಾಣುತ್ತದೆ.

ಬೋವೆನ್ ಹೇಳಿದ ತ್ರಿಕೋನ ಕೂಡ ನಮಗೆ ಹೊಸದಲ್ಲ. ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರನ್ನು ಎಳೆದುಕೊಳ್ಳುವುದು. "ಹೋಗಿ ನಿಮ್ಮಪ್ಪನಿಗೆ ಹೇಳು, ಊಟ ರೆಡಿಯಾಗಿದೆ ಅಂತ." ಅಪ್ಪ ಪಕ್ಕದ ರೂಮಿನಲ್ಲೇ ಇರುತ್ತಾರೆ, ಅಲ್ವಾ? ಆ ಮಗು ತಿಂಗಳುಗಟ್ಟಲೆ ಹೀಗೆ ಸುದ್ದಿ ಹೊರುತ್ತಿರುತ್ತದೆ. ಕೊನೆಗೆ ಅದಕ್ಕೇ ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನಮ್ಮ ಕೆಲಸ ಆ ಮಗುವನ್ನು ಮಧ್ಯದಿಂದ ಎಬ್ಬಿಸಿ, ಇಬ್ಬರು ದೊಡ್ಡವರನ್ನು ಎದುರುಬದುರು ಕೂರಿಸುವುದು.

ಆದರೆ ಎಲ್ಲರನ್ನೂ ಒಂದೇ ಕಡೆ ಕೂರಿಸುವುದಕ್ಕೆ ಒಂದು ಗಡಿ ಇದೆ. ಹೊಡೆತ ಇರುವ ಮನೆಯಲ್ಲಿ "ಇಬ್ಬರದೂ ಸ್ವಲ್ಪ ಸ್ವಲ್ಪ ತಪ್ಪಿದೆ" ಅನ್ನುವ ಮಾತು ಸಲ್ಲದು. ಹೊಡೆಯುವವನ ಮುಂದೆ ಹೊಡೆತ ತಿಂದವಳು ಬಾಯಿಬಿಟ್ಟು ಹೇಳಿದ್ದಕ್ಕೆ ಆ ರಾತ್ರಿಯೇ ಲೆಕ್ಕ ತೀರಿಸಲಾಗುತ್ತದೆ. ಹಾಗಾಗಿ ಮೊದಲು ಅವಳೊಬ್ಬಳನ್ನೇ ಕೂರಿಸಿ ಮಾತಾಡಬೇಕು. ಕಾನೂನಿನಲ್ಲೂ ಇದರ ಎಚ್ಚರ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಕೋರ್ಟು ಕೌನ್ಸೆಲಿಂಗಿಗೆ ಕಳಿಸಿದರೆ, 2006ರ ನಿಯಮಗಳ ಪ್ರಕಾರ ಆರೋಪಿ "ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ" ಅಂತ ಸಮರ್ಥನೆ ಕೊಡುವ ಹಾಗೇ ಇಲ್ಲ. ಶುರುವಾಗುವ ಮುಂಚೆಯೇ ಅವನಿಗೆ ಇದನ್ನು ತಿಳಿಸಬೇಕು. ಇನ್ನು ಅಂಥ ಹಿಂಸೆ ಮಾಡುವುದಿಲ್ಲ ಅಂತ ಅವನು ಮುಚ್ಚಳಿಕೆ ಕೊಡಬೇಕು. ಇಷ್ಟಿದ್ದರೂ ಎಷ್ಟು ಕಡೆ ಇವತ್ತಿಗೂ "ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು" ಅಂತಲೇ ಕಳಿಸುತ್ತಾರೆ! ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದು ಕೌನ್ಸೆಲಿಂಗ್ ಅಲ್ಲವೇ ಅಲ್ಲ. ಅಪಾಯ ಇದ್ದರೆ 181 (ಮಹಿಳಾ ಸಹಾಯವಾಣಿ) ಅಥವಾ 112ಕ್ಕೆ (ತುರ್ತು ಸಹಾಯ) ಫೋನ್ ಮಾಡಿ.

ಹೋಗುವ ಮನಸ್ಸಿರುವವರಿಗೆ ಇನ್ನೊಂದು ಮಾತು. ಒಬ್ಬೊಬ್ಬರೇ ಹೇಳಿದ ಗುಟ್ಟು ಎಲ್ಲಿ ಉಳಿಯುತ್ತದೆ, ಯಾವುದನ್ನು ಎಲ್ಲರ ಮುಂದೆ ಇಡುತ್ತಾರೆ ಅಂತ ಮೊದಲ ದಿನವೇ ಕೇಳಿ. ಓದಿರುವುದೇನು, ತರಬೇತಿ ಎಲ್ಲಿ ಅಂತ ಕೇಳುವುದಕ್ಕೂ ಸಂಕೋಚ ಬೇಡ. ದೂರ, ದುಡ್ಡು ಅಡ್ಡ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

"ನಮ್ಮ ಯಜಮಾನರು ಬರುವುದಿಲ್ಲ ಅಂತಾರೆ, ಏನು ಮಾಡಲಿ" ಅಂತ ತುಂಬಾ ಜನ ಇನ್‌ಬಾಕ್ಸಿನಲ್ಲಿ ಕೇಳುತ್ತೀರಿ. ನೀವು ಬನ್ನಿ. ಬಂದವರ ಜೊತೆಯೇ ಶುರು ಮಾಡುತ್ತೇವೆ. ಒಬ್ಬರು ಉತ್ತರ ಕೊಡುವ ರೀತಿ ಬದಲಾದರೂ ಜಗಳ ಹಳೇ ದಾರಿಯಲ್ಲೇ ಹೋಗುವುದು ಕಷ್ಟ. ಎಷ್ಟೋ ಯಜಮಾನರು ಆಮೇಲೆ ತಾವಾಗಿಯೇ "ಅಲ್ಲಿ ಏನು ಮಾತಾಡುತ್ತೀರಿ" ಅಂತ ಕೇಳಿಕೊಂಡು ಬಂದಿದ್ದಾರೆ.