ನನ್ನ ಹತ್ತಿರ ಒಂದು ಗುರುವಾರ ಇದೆ

ನನಗೆ ಗಡ್ಡ ಇದೆ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೆಯದು, ಯಾಕೆಂದರೆ ಹಳೇ ಕ್ಷೌರದ ಕತ್ತಿ ಕೂಡಿಡುತ್ತೇನೆ ಅಂದ ತಕ್ಷಣ ಎಲ್ಲರ ಕಣ್ಣು ನನ್ನ ಕೆನ್ನೆ ಮೇಲೆ ಬೀಳುತ್ತದೆ. ಹಿಡಿಯೊಳಗೆ ಮಡಚಿಡುವ ಉದ್ದ ಅಲಗಿನ ಕತ್ತಿಗಳು. ಹದಿನೇಳು ಇವೆ. ಒಂದರಲ್ಲೂ ಗಡ್ಡ ಹೆರೆದುಕೊಂಡಿಲ್ಲ. ಒಮ್ಮೆ ಧೈರ್ಯ ಮಾಡಿ ಕಿವಿ ಪಕ್ಕಕ್ಕೆ ತಂದೆ, ಕೈ ನಡುಗಿತು, ತೊಳೆದು ಒರೆಸಿ ಪೆಟ್ಟಿಗೆಯಲ್ಲಿಟ್ಟೆ.

ನನಗೆ ಬೇಕಿರೋದು ಅಲಗಲ್ಲ, ಅಲಗಿನ ಬುಡ. ಹಿಡಿ ಸೇರುವ ಮುಂಚೆ ಒಂದಿಷ್ಟು ದಪ್ಪ ಉಕ್ಕು ಇರುತ್ತಲ್ಲ, ಅಲ್ಲಿ ಹೆಸರು ಕುಟ್ಟಿರುತ್ತಾರೆ. ನೇರ ಬೆಳಕಲ್ಲಿ ಏನೂ ಕಾಣಿಸದು. ಭೂತಗನ್ನಡಿ ಹಿಡಿದು ದೀಪವನ್ನು ಓರೆ ಮಾಡಿದರೆ ಅಕ್ಷರಗಳು ಒಂದೊಂದಾಗಿ ಎದ್ದು ಕೂರುತ್ತವೆ. ಕಿರೀಟದ ಆಚೆ ಈಚೆ ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901ರವರೆಗೆ, ಅಷ್ಟು ದೊಡ್ಡ ಬಲೆಯಲ್ಲಿ ಯಾವ ಮೀನೂ ಸಿಗುತ್ತೆ ಬಿಡಿ. ವಿ ಬದಲು ಡಬ್ಲ್ಯು ಇದ್ದರೆ ಅವಳ ದೊಡ್ಡಪ್ಪ ನಾಲ್ಕನೇ ವಿಲಿಯಂ. ಆತ ಆಳಿದ್ದು ಏಳೇ ವರ್ಷ. ಅಂಥದ್ದು ಕಣ್ಣಿಗೆ ಬಿದ್ದ ದಿನ ನನಗೆ ಹಬ್ಬ.

ಬರೀ ಊರಿನ ಹೆಸರಲ್ಲದೆ ‘ಇಂಗ್ಲೆಂಡ್’ ಅಂತಲೂ ಇದ್ದರೆ ಕತ್ತಿ ಹೆಚ್ಚಾಗಿ 1891ರ ನಂತರದ್ದು. ಹೊರಗಿನ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದವರು 1890ರ ಸುಂಕದ ಕಾಯಿದೆಯಲ್ಲಿ ಹಟ ಹಿಡಿದರು. ಇಂಗ್ಲಿಷ್ ಕತ್ತಿಯ ವಯಸ್ಸು ಹೇಳೋನು ಅಮೆರಿಕದ ಸುಂಕದ ಗುಮಾಸ್ತ, ತಮಾಷೆ ಅಲ್ವಾ?

ಆದರೆ ಹೆಸರು ಸಿಕ್ಕಿತು ಅಂದರೆ ಮಾಡಿದವನು ಸಿಕ್ಕ ಅಂತ ಅಲ್ಲ. ಇದು ನನಗೆ ತಡವಾಗಿ ತಿಳಿಯಿತು. ಇಂಗ್ಲೆಂಡಿನ ಕತ್ತಿಗಳ ಊರಾದ ಶೆಫೀಲ್ಡ್‌ನಲ್ಲಿ ಕತ್ತಿ ಮಾಡುವವರ ಸಂಘ 1624ರಲ್ಲೇ ಹುಟ್ಟಿತು, ಯಾರ ಗುರುತು ಯಾವುದು ಅಂತ ಅವರು ಬರೆದಿಡುತ್ತಿದ್ದರು. ಜೋಸೆಫ್ ರಾಡ್ಜರ್ಸ್ ಮನೆತನದ ನಕ್ಷತ್ರ ಮತ್ತು ಶಿಲುಬೆ ಅಂಥದ್ದೇ ಒಂದು ಗುರುತು. ಗುರುತು ಅಂದರೆ ಆಸ್ತಿ. ಮಗನಿಗೆ ಹೋಗುತ್ತಿತ್ತು, ಮಾರಾಟವೂ ಆಗುತ್ತಿತ್ತು. ಇನ್ನು ಕತ್ತಿಯನ್ನು ಕಾಯಿಸಿ ಬಡಿದವನು ಒಬ್ಬ, ಸಾಣೆ ಹಿಡಿದವನು ಇನ್ನೊಬ್ಬ, ಕೊಂಬಿನ ಹಿಡಿ ಕೂರಿಸಿದವನು ಮತ್ತೊಬ್ಬ. ಸಾಣೆಯವನು ಕುದುರೆ ಮೇಲೆ ಕೂತ ಹಾಗೆ ಮರದ ದಿಮ್ಮಿಯ ಮೇಲೆ ಕಾಲು ಅಗಲಿಸಿ ಕೂತು, ತಿರುಗುವ ಕಲ್ಲಿನ ಮೇಲೆ ಬಾಗಿ, ದಿನವಿಡೀ ಕಲ್ಲು ಉಕ್ಕಿನ ಧೂಳು ಕುಡಿಯುತ್ತಿದ್ದ. ನೀರು ಹಾಕದೆ ಒಣ ಸಾಣೆ ಹಿಡಿಯುತ್ತಿದ್ದವರ ಪುಪ್ಪುಸ ಬೇಗ ಕೆಡುತ್ತಿತ್ತು. ಅವನ ಹೆಸರು ಎಲ್ಲೂ ಇಲ್ಲ. ನನ್ನ ಒಂದು ಕತ್ತಿಯಲ್ಲಿ ಅಲಗಿನ ಎಡಬದಿ ಬಲಕ್ಕಿಂತ ಸ್ವಲ್ಪ ಜಾಸ್ತಿ ಸವೆದಿದೆ, ಬೆರಳು ಸವರಿದರೆ ಗೊತ್ತಾಗುತ್ತದೆ. ಅದು ಆ ಸಾಣೆಯವನದೇ ಕೈವಾಡ ಅಂತ ನಾನು ನಂಬಿಕೊಂಡಿದ್ದೇನೆ. ಆಮೇಲೆ ಯಾರೋ ತಪ್ಪಾಗಿ ಮಸೆದಿದ್ದೂ ಇರಬಹುದು, ಆದರೆ ಆ ವಾದ ನನಗೆ ಇಷ್ಟವಿಲ್ಲ.

ಕೆಲವದರ ಮೇಲೆ ‘ಸಿಲ್ವರ್ ಸ್ಟೀಲ್’ ಅಂತ ಇರುತ್ತದೆ. ಬೆಳ್ಳಿ ಹುಡುಕಬೇಡಿ. ಮೈಕೆಲ್ ಫ್ಯಾರಡೆ, ಹೌದು, ವಿದ್ಯುತ್ತಿನ ಫ್ಯಾರಡೆಯೇ, ಕತ್ತಿ ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ 1820ರ ಆಸುಪಾಸಿನಲ್ಲಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಬೆರೆಸಿ ನೋಡಿದ್ದ. ಆಮೇಲಿನ ಅಂಗಡಿಯವರಿಗೆ ಸಿಕ್ಕಿದ್ದು ಹೆಸರು ಮಾತ್ರ. ಅವರಿಬ್ಬರೂ ಮೊದಲು ಪರೀಕ್ಷಿಸಿದ್ದು ವೂಟ್ಜ್ ಅನ್ನೋ ಭಾರತದ ಉಕ್ಕನ್ನು, ಆ ಹೆಸರು ನಮ್ಮ ‘ಉಕ್ಕು’ ಪದವೇ ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡಿದ್ದು ಅಂತಾರೆ. ಇದನ್ನು ಓದಿದ ದಿನ ನಾನು ಸುಮ್ನೆ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಈಗ ಗುರುವಾರದ ಕಥೆ. ಹಿಂದೆ ಉಳ್ಳವರ ಮನೆಯಲ್ಲಿ ಏಳು ಕತ್ತಿಗಳ ಪೆಟ್ಟಿಗೆ ಇರುತ್ತಿತ್ತು, ವಾರದ ದಿನಕ್ಕೊಂದು. ದಿನಾ ಒಂದೇ ಕತ್ತಿ ಬಳಸಿದರೆ ಉಕ್ಕು ದಣಿಯುತ್ತದೆ, ಅದಕ್ಕೂ ವಿಶ್ರಾಂತಿ ಬೇಕು ಅನ್ನೋ ನಂಬಿಕೆ. ಅಂಥ ಒಂದು ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಬಂದ ಒಂಟಿ ಕತ್ತಿ ನನ್ನದು. ಬೆನ್ನ ಮೇಲೆ ‘ಥರ್ಸ್‌ಡೇ’ ಅಂತ ಸಣ್ಣ ಅಕ್ಷರ. ಬುಡದಲ್ಲಿ ಹೆಸರೂ ಇತ್ತು, ಮಸುಕಾಗಿ. ನಿಧಾನವಾಗಿ ಓದಿದರಾಯಿತು ಅಂದುಕೊಂಡು ಅದನ್ನು ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ ಹಿಡಿಯ ಒಂದು ಕತ್ತಿಯ ಪಕ್ಕ ಇಟ್ಟೆ. ಹಳೇ ಸೆಲ್ಯುಲಾಯ್ಡ್ ಕೊಳೆಯತೊಡಗಿದರೆ ಆಮ್ಲದ ಆವಿ ಬಿಡುತ್ತದೆ, ತನ್ನ ಅಲಗನ್ನಷ್ಟೇ ಅಲ್ಲ, ಅಕ್ಕಪಕ್ಕದವರನ್ನೂ ತಿನ್ನುತ್ತದೆ. ಕೆಲವು ತಿಂಗಳ ನಂತರ ತೆಗೆದು ನೋಡಿದರೆ ಗುರುವಾರದ ಬುಡದಲ್ಲೆಲ್ಲ ತುಕ್ಕು. ಎಣ್ಣೆ ಹಾಕಿ ಕಾಯಬೇಕಿತ್ತು. ನಾನು ಉಪ್ಪುಕಾಗದ ತಗೊಂಡು ತಿಕ್ಕಿದೆ. ಚೆನ್ನಾಗಿ ಹೊಳೆಯಿತು. ತುಕ್ಕಿನ ಜೊತೆ ಹೆಸರೂ ಹೋಯಿತು.

ದೀಪ ಎಷ್ಟೇ ಓರೆ ಮಾಡಿದರೂ ಈಗ ಅಲ್ಲಿ ನನ್ನ ಮುಖವೇ ಕಾಣುತ್ತದೆ, ಗಡ್ಡದ ಸಮೇತ.

ಆದರೆ ಒಂದೇ ಪೆಟ್ಟಿಗೆಯ ಏಳಕ್ಕೂ ಒಂದೇ ಹೆಸರು ಕುಟ್ಟಿರುತ್ತಾರೆ. ಹಿಡಿಯ ಕೊಂಬಿನಲ್ಲಿ ಒಂದು ಬೂದು ಗೆರೆ ಇದೆ, ಕೀಲಿನ ಕೆಳಗೆ ಹಿತ್ತಾಳೆಯ ಬಿಲ್ಲೆ ಇದೆ, ಬೆನ್ನಿನ ಅಕ್ಷರದ ಓರೆ ನನಗೆ ಬಾಯಿಪಾಠ ಆಗಿದೆ. ಎಲ್ಲಾದರೂ ಒಂದು ಬುಧವಾರ ಅಥವಾ ಶುಕ್ರವಾರ ಸಿಕ್ಕರೆ ನೋಡಿದ ಕೂಡಲೇ ಗುರುತು ಹಿಡಿಯುತ್ತೇನೆ. ಉಪ್ಪುಕಾಗದವನ್ನಂತೂ ಮನೆಯಲ್ಲಿ ಇಟ್ಟಿಲ್ಲ.