ಇಲಿಗೆ ಟೆಂಡರ್, ಚರಂಡಿಗೆ ಜಾಮೀನು

ಮುಂಬೈಯ ಮಂತ್ರಾಲಯದಲ್ಲಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಸಚಿವಾಲಯದಲ್ಲಿ, ಏಳೇ ದಿನಗಳಲ್ಲಿ 3,19,400 ಇಲಿಗಳನ್ನು ಸಂಹರಿಸಲಾಗಿದೆ ಎಂಬ ವೀರಗಾಥೆಯನ್ನು 2018ರ ಮಾರ್ಚಿನಲ್ಲಿ ಮಹಾರಾಷ್ಟ್ರ ವಿಧಾನಸಭೆಯ ಗಮನಕ್ಕೆ ತಂದವರು ಆಡಳಿತ ಪಕ್ಷದವರೇ ಆಗಿದ್ದ ಏಕನಾಥ ಖಡ್ಸೆ. ದಿನಕ್ಕೆ 45,628, ನಿಮಿಷಕ್ಕೆ ಮೂವತ್ತೊಂದಕ್ಕೂ ಮಿಗಿಲು ಎಂದು ಅವರು ಲೆಕ್ಕ ಒಪ್ಪಿಸಿ, ಇಷ್ಟೊಂದು ಹೆಣಗಳನ್ನು ಎಲ್ಲಿ ವಿಲೇವಾರಿ ಮಾಡಿದಿರಿ ಎಂದು ಕೇಳಿದರು. ಬಳಿಕ ಬಂದ ಸರ್ಕಾರಿ ಸ್ಪಷ್ಟನೆ ಗಾಥೆಗಿಂತಲೂ ಸೊಗಸಾಗಿತ್ತು: ಅದು ಸತ್ತ ಇಲಿಗಳ ಸಂಖ್ಯೆಯಲ್ಲ, ಇಡಲಾದ ವಿಷದ ಮಾತ್ರೆಗಳ ಸಂಖ್ಯೆಯಂತೆ! ಇಲಿ ಸತ್ತಿತೋ, ಮೂಸಿ ನೋಡಿ ಮುಂದಿನ ಕಡತಕ್ಕೆ ಹೋಯಿತೋ ಎಂಬುದು ಅಪ್ರಸ್ತುತ. ಮಾತ್ರೆಯ ಲೆಕ್ಕ ಚುಕ್ತಾ ಆಗಿದ್ದರೆ ಸಾಕು.

ನಮ್ಮ ಆಡಳಿತಕ್ಕೆ ಇಲಿಯೆಂದರೆ ಇಷ್ಟೊಂದು ಪ್ರೀತಿ ಏಕೆಂದರೆ, ಇಲಿ ಜ್ವರದ ಮೊಕದ್ದಮೆಯಲ್ಲಿ ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿ ಅದೊಂದೇ. ಈ ಜ್ವರವನ್ನು ತರುವ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಹಾಯಾಗಿ ನೆಲೆಸಿ, ಅದರ ಮೂತ್ರದೊಡನೆ ಹೊರಬರುತ್ತದೆ ಎಂಬುದು ನಿಜ. ನಾಯಿ, ದನಗಳ ಮೂತ್ರದಲ್ಲೂ ಬರುತ್ತದೆ. ಆದರೆ ಒಣಗಿದ ನೆಲದ ಮೇಲೆ, ಸುಡುಬಿಸಿಲಿನಲ್ಲಿ ಅದು ಹೆಚ್ಚು ಹೊತ್ತು ಬದುಕುವುದಿಲ್ಲ. ಅದಕ್ಕೆ ಬೇಕಾದದ್ದು ಬೆಚ್ಚಗಿನ ಹವೆ, ನಿಂತ ನೀರು, ಒದ್ದೆ ಮಣ್ಣು ಮತ್ತು ಚಪ್ಪಲಿ ಹಾಕಿಕೊಂಡು ಆ ನೀರಿನಲ್ಲಿ ನಡೆಯಲೇಬೇಕಾದ ಮನುಷ್ಯನ ಬಿರುಕು ಬಿಟ್ಟ ಹಿಮ್ಮಡಿ. ಇವುಗಳಲ್ಲಿ ಒಂದನ್ನಾದರೂ ಇಲಿ ಒದಗಿಸಿದ ದಾಖಲೆಯಿಲ್ಲ. ರಾತ್ರಿ ಹೋಟೆಲಿನ ಹಿಂಬಾಗಿಲಲ್ಲಿ ಸುರಿದ ಅನ್ನ-ಸಾಂಬಾರನ್ನು ಅದು ತಿಂದಿತು, ಹೆತ್ತಿತು, ಮೂರು ವಾರಗಳಲ್ಲಿ ಮತ್ತೆ ಹೆತ್ತಿತು. ಸುರಿದವರಾರು ಎಂದು ಕೇಳಿದರೆ ನಮ್ಮ ಕರಾವಳಿಯ ಕಡೆಯ ಬಂಧುಗಳ ಹೆಸರೂ ಬರಬಹುದಾದ್ದರಿಂದ ನಾನೂ ಆ ಪ್ರಶ್ನೆಯನ್ನು ಬೆಳೆಸುವುದಿಲ್ಲ.

ರೋಗದ ಬೇರನ್ನು ಬಿಟ್ಟು ಬೇರೆಲ್ಲೋ ಮದ್ದು ಸುರಿಯುವ ಈ ಜಾಣ್ಮೆ ಹೊಸದೇನೂ ಅಲ್ಲ. 1896ರಲ್ಲಿ ಇದೇ ನಗರದ ಮಾಂಡ್ವಿಯ ಧಾನ್ಯದ ಗೋದಾಮುಗಳ ಸುತ್ತ ಪ್ಲೇಗು ಕಾಣಿಸಿಕೊಂಡಾಗ, ಬ್ರಿಟಿಷ್ ಅಧಿಕಾರಿಗಳು ರೋಗವು ಕೊಳಕಿನ ಆವಿಯಿಂದ ಹುಟ್ಟುತ್ತದೆಂದು ನಂಬಿ, ಚರಂಡಿಗಳಿಗೆ ಕಡಲ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಧಾರಾಳವಾಗಿ ಹರಿಸಿದರು. ಚರಂಡಿಯಲ್ಲಿದ್ದ ಇಲಿಗಳು ಮೈಮೇಲಿನ ಚಿಗಟಗಳ ಸಮೇತ ಮನೆಗಳಿಗೆ ವಲಸೆ ಹೋದವು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದರಲ್ಲಿ ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂಡ್ ಕರಾಚಿಯಲ್ಲಿ ಪತ್ತೆ ಮಾಡುವ ಹೊತ್ತಿಗೆ 1898 ಬಂದಿತ್ತು. ಆ ಅಧಿಕಾರಿಗಳಿಗೆ ಕನಿಷ್ಠಪಕ್ಷ ಅಜ್ಞಾನದ ರಿಯಾಯಿತಿ ಸಲ್ಲುತ್ತದೆ. ಇಂದಿನವರಿಗೆ ಎಲ್ಲವೂ ಗೊತ್ತಿದ್ದು, ಆ ರಿಯಾಯಿತಿಯೂ ಇಲ್ಲದೆ ಅದೇ ಕೆಲಸವನ್ನು ಮಾಡಿಕೊಂಡು ಬಂದಿದ್ದಾರೆ.

ಮಹಾನಗರಪಾಲಿಕೆಯಲ್ಲಿ ರಾತ್ರಿ ಇಲಿ ಕೊಲ್ಲುವುದೇ ಒಂದು ಹುದ್ದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದೊಣ್ಣೆ; ರಾತ್ರಿಗೆ 30 ಇಲಿಗಳ ಗುರಿ. ಬೆಳಗ್ಗೆ ಬಾಲ ಹಿಡಿದು ಎಣಿಸಿ ಒಪ್ಪಿಸುವ ಆ ಬಡ ನೌಕರನಷ್ಟು ಪ್ರಾಮಾಣಿಕವಾದ ಲೆಕ್ಕವನ್ನು ಮಂತ್ರಾಲಯದಿಂದ ನಿರೀಕ್ಷಿಸುವಂತಿಲ್ಲ. ಆದರೆ ಕಸದ ರಾಶಿ ಇದ್ದಲ್ಲೇ ಇರುವಾಗ, ಸತ್ತ ಮೂವತ್ತರ ಪಾಲಿನ ಊಟ ಉಳಿದವಕ್ಕೆ ಸಿಗುತ್ತದೆ. ಖಾಲಿಯಾದ ಹುದ್ದೆಗಳನ್ನು ಇಲಿಗಳು ತುಂಬಿಕೊಳ್ಳುವ ವೇಗ ಯಾವ ಲೋಕಸೇವಾ ಆಯೋಗಕ್ಕೂ ಬಾರದು.

ಇನ್ನು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಒತ್ತುವರಿಯಿಂದ ಸೊರಗಿದ್ದ ಮೀಠಿ ನದಿ ಉಕ್ಕಿ, ಪ್ಲಾಸ್ಟಿಕ್ ಚೀಲಗಳಿಂದ ಕಟ್ಟಿಕೊಂಡಿದ್ದ ಚರಂಡಿಗಳು ಬೀದಿಗೆ ಬಂದಾಗ, ಮುಂದಿನ ವಾರಗಳಲ್ಲಿ ಆಸ್ಪತ್ರೆಗಳು ಇಲಿ ಜ್ವರದ ರೋಗಿಗಳಿಂದ ತುಂಬಿದವು. ಆ ದಿನ ಇಲಿಗಳೂ ಸಾಕಷ್ಟು ಮುಳುಗಿ ಸತ್ತಿರಬೇಕು. ಅವುಗಳ ಮೂತ್ರ ಮಾತ್ರ ಮುಳುಗದೆ ಮೊಣಕಾಲುದ್ದ ನೀರಿನಲ್ಲಿ ಮನೆಮನೆಗೂ ಹೋಯಿತು.

ಈಚಿನ ಮಳೆಗಾಲಗಳಲ್ಲಿ ನಾಗರಿಕರಿಗೆ ಸೂಚನೆ ಹೊರಡುತ್ತದೆ: ನೀರಿನಲ್ಲಿ ಒಮ್ಮೆ ನಡೆದಿದ್ದು ಗಾಯವಿಲ್ಲದಿದ್ದರೆ ಕಡಿಮೆ ಅಪಾಯ, ಗಾಯವಿದ್ದರೆ ಮಧ್ಯಮ, ಪದೇ ಪದೇ ನಡೆದಿದ್ದರೆ ಹೆಚ್ಚು, 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ತೆಗೆದುಕೊಳ್ಳಿ. ಸಲಹೆ ಸರಿಯಾದದ್ದೇ, ಪಾಲಿಸಬೇಕಾದದ್ದೇ. ನೀರು ಅಲ್ಲಿ ಏಕೆ ನಿಂತಿದೆ ಎಂಬ ಕುತೂಹಲ ಮಾತ್ರ ಆ ಸೂಚನೆಯಲ್ಲಿ ಎಲ್ಲೂ ಇಣುಕುವುದಿಲ್ಲ. ದಿನವೂ ಲೋಕಲ್ ರೈಲು ಹಿಡಿಯಲು, ಮಳೆ ಬಂದರೆ ನೀರು ನಿಲ್ಲುವ ತಗ್ಗು ಪ್ರದೇಶವಾದ ಹಿಂದ್‌ಮಾತಾದ ನೀರನ್ನು ದಾಟುವ ಗುಮಾಸ್ತ ತಾನು ಯಾವ ದರ್ಜೆಯವನೆಂದು ತಾನೇ ಲೆಕ್ಕ ಹಾಕಿಕೊಳ್ಳಬೇಕು. ಚರಂಡಿಗೆ ಇಳಿದು ಹೂಳೆತ್ತುವವನಿಗಂತೂ ಇದಕ್ಕಿಂತ ಮೇಲಿನ ದರ್ಜೆಯೊಂದನ್ನು ಹೊಸದಾಗಿ ಸೃಷ್ಟಿಸಬೇಕಾದೀತು. ಹೂಳಿನ ಲೆಕ್ಕವಂತೂ ಪಾಲಿಕೆಯ ಬಳಿ ಅಚ್ಚುಕಟ್ಟಾಗಿದೆ. ಮಳೆಗಾಲಕ್ಕೆ ಮುನ್ನ ಗುರಿಯ ಶೇಕಡಾ ಇಷ್ಟು ಹೂಳೆತ್ತಲಾಗಿದೆ ಎಂದು ಅದು ಪ್ರಕಟಿಸುತ್ತದೆ. ಆ ಅಂಕಿ 100ನ್ನು ದಾಟಿದ್ದೂ ಉಂಟು. ನೂರಕ್ಕೆ ನೂರರ ಮೇಲೆಯೂ ಎತ್ತಿದ ಆ ಹೂಳು ಯಾವ ಚರಂಡಿಯದೆಂದು ಖಡ್ಸೆಯವರಂತೆ ಯಾರಾದರೂ ಸದನದಲ್ಲಿ ಕೇಳಿದರೆ, ಅದು ಹೂಳಿನ ತೂಕವಲ್ಲ, ಬಳಸಿದ ಬುಟ್ಟಿಗಳ ಸಂಖ್ಯೆ ಎಂಬ ಸ್ಪಷ್ಟನೆ ಬಂದರೂ ಬಂದೀತು.